ಬೊನಿಫಾಸರ ಬೇಲಿ

ಜೋಡುಬಾವಿ ಓಣಿಯನ್ನು ಪಾರಂಪರಿಕ ವಲಯವೆಂದು ಘೋಷಿಸಿದ ದಿನ ಅಲ್ಲಿಯ ಜನ ಲಾಡು ಹಂಚಿದ್ದರು. ಆಮೇಲೆ ಒಂದೊಂದಾಗಿ ಗೊತ್ತಾಗತೊಡಗಿತು. ಹಂಚು ಒಡೆದರೆ ಅರ್ಜಿ ಹಾಕಬೇಕು, ಕಿಟಕಿಗೆ ಬಣ್ಣ ಬಳಿಯುವುದಿದ್ದರೆ ಬಣ್ಣದ ಚೂರು ಅಂಟಿಸಿ ಅರ್ಜಿ ಹಾಕಬೇಕು. ತಾವು ಇಷ್ಟು ವರ್ಷ ವಾಸವಾಗಿದ್ದದ್ದು ಮೂರು ಪ್ರತಿಗಳಲ್ಲಿ ಸಲ್ಲಿಸಬೇಕಾದ ವಸ್ತುವಿನೊಳಗೆ ಎಂಬುದು ತಿಳಿಯುವ ಹೊತ್ತಿಗೆ ಲಾಡು ಜೀರ್ಣವಾಗಿ ಎರಡು ವರ್ಷವಾಗಿತ್ತು.

ವಿನಿಫ್ರೆಡ್ ತಾವ್ರೊ ಅವರಿಗೆ ಬೇಕಾಗಿದ್ದದ್ದು ಒಂದು ಬೇಲಿ.

ಬಂದರಿನಿಂದ ಗುಡ್ಡ ಹತ್ತಿ ಬರುವ ಆ ಓಣಿಯ ಮೂಡುಬದಿಯಲ್ಲಿ, ಪಡುವಣಕ್ಕೆ ಮುಖಮಾಡಿ, ಅವರ ಹಂಚಿನ ಮನೆ. ಜಗುಲಿಯಲ್ಲಿ ಆರು ವರ್ಷದಿಂದ ಪುಟ್ಟ ಮಕ್ಕಳ ಶಾಲೆ. ಹದಿನೆಂಟು ಮಕ್ಕಳು, ಹೆಚ್ಚಿನವರ ತಾಯಂದಿರು ಮೀನು ಮಾರುಕಟ್ಟೆಯಲ್ಲೋ ಗೋದಾಮುಗಳಲ್ಲೋ ದುಡಿಯುವವರು. ಜಗುಲಿಯ ಮೆಟ್ಟಿಲಿಂದ ಓಣಿಗೆ ಹತ್ತು ಹೆಜ್ಜೆ ಅಂಗಳ, ನಡುವೆ ಏನೂ ಇಲ್ಲ. ಓಣಿಗೆ ಕಾಂಕ್ರೀಟು ಬಿದ್ದ ಮೇಲೆ ಬಂದರಿಗೆ ಹೋಗುವ ಸ್ಕೂಟರುಗಳಿಗೆಲ್ಲ ಅದು ಒಳದಾರಿಯಾಯಿತು. ನವೆಂಬರಿನಲ್ಲಿ ಒಂದು ದಿನ ಮೂರು ವರ್ಷದ ಹುಡುಗಿಯೊಂದು ಬೆಕ್ಕಿನ ಹಿಂದೆ ಹೋಗಿ ಓಣಿಯ ನಟ್ಟನಡುವೆ ಕುಳಿತುಬಿಟ್ಟಿತು. ಮಂಜುಗಡ್ಡೆ ಹೇರಿಕೊಂಡು ಇಳಿಯುತ್ತಿದ್ದ ಟೆಂಪೊ ಅದರಿಂದ ಒಂದು ಗೇಣು ದೂರದಲ್ಲಿ ನಿಂತಿತು. ಹುಡುಗಿ ಅಳಲಿಲ್ಲ. ಟೆಂಪೊದವನು ಅತ್ತ.

ಆ ಸುದ್ದಿ ಮಕ್ಕಳ ಇಲಾಖೆಯ ತನಕ ಹೋಗಿ, ಅಲ್ಲಿಂದ ಒಬ್ಬ ಅಧಿಕಾರಿಣಿ ಬಂದು, ಅಂಗಳವನ್ನು ಕಣ್ಣಲ್ಲೇ ಅಳೆದು ಹೇಳಿದರು: "ಮಾರ್ಚ್ ಮೂವತ್ತೊಂದರ ಒಳಗೆ ಎದುರಿಗೆ ಬೇಲಿ ಆಗ್ಬೇಕು ಮೇಡಂ. ಇಲ್ಲದಿದ್ರೆ ಪರವಾನಗಿ ನವೀಕರಣ ಇಲ್ಲ. ನನಗೆ ಬೇಜಾರಿದೆ, ಆದ್ರೆ ಇಲ್ಲ."

ವಿನಿಫ್ರೆಡ್‌ಗೂ ಆಕೆ ಹೇಳಿದ್ದು ಸರಿಯೆನಿಸಿತು. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವರು. ನ್ಯಾಯವಾದ ಬೈಗುಳವನ್ನು ಗುರುತಿಸಬಲ್ಲರು. ಬೇಲಿ ಹಾಕಲು ಬಡಗಿಯನ್ನು ಕರೆಯಬೇಕು ಎಂದುಕೊಂಡರು. ಕರೆಯಬೇಕಾಗಿದ್ದದ್ದು ಬಡಗಿಯನ್ನಲ್ಲ, ವಲಯ ಸಮಿತಿಯನ್ನು ಎಂದು ಗಂಡ ಆರ್ಥರ್ ನೆನಪಿಸಿದರು.

ಮೊದಲ ಅರ್ಜಿ ಕಬ್ಬಿಣದ ಗ್ರಿಲ್ಲಿನದು. "ವಲಯದ ಸ್ವರೂಪಕ್ಕೆ ಹೊಂದುವುದಿಲ್ಲ" ಎಂದು ತಿರುಗಿ ಬಂತು. ಎರಡನೆಯದು ದಾಸವಾಳದ ಜೀವಂತ ಬೇಲಿಯದು. ಇದನ್ನು ಸಮಿತಿ ಬಹಳ ಮೆಚ್ಚಿತು. ಆದರೆ ಮಕ್ಕಳ ಇಲಾಖೆಯ ಅಧಿಕಾರಿಣಿ ಮನೆಯ ಹಿತ್ತಿಲಿನ ದಾಸವಾಳದ ಗಿಡಗಳ ನಡುವೆ ಕೈ ತೂರಿಸಿ ತೋರಿಸಿ, "ನನ್ನ ಕೈ ಹೋಗ್ತದೆ ಅಂದ್ರೆ ಮಗು ಹೋಗ್ತದೆ" ಎಂದರು. ಮೂರನೆಯದು ಮರದ ರೀಪಿನದು. ಅದಕ್ಕೆ ಸಮಿತಿ ಜನವರಿಯಲ್ಲಿ ವಿಚಾರಣೆಯ ದಿನ ಕೊಟ್ಟಿತು.

ಸಮಿತಿಯ ಅಧ್ಯಕ್ಷರು ನಿವೃತ್ತ ಪ್ರಾಂಶುಪಾಲರು. ಒಂದು ವಾಕ್ಯ ಶುರುಮಾಡಿದರೆ ಅದನ್ನು ಮನೆ ತನಕ ಮುಟ್ಟಿಸಿಯೇ ಬಿಡುವವರು. "ನಿಯಮ ಏನೆಂದರೆ," ಎಂದರು, "ಮನೆಯ ಎದುರಿಗೆ ಹಿಂದೆ ಬೇಲಿ ಇದ್ದಿದ್ದರೆ ಅದೇ ಸಾಮಗ್ರಿಯಲ್ಲಿ, ಅದೇ ಎತ್ತರದಲ್ಲಿ ಮತ್ತೆ ಹಾಕಬಹುದು. ಇಲ್ಲದಿದ್ದಲ್ಲಿ ಹೊಸದಾಗಿ ಹಾಕುವ ಹಾಗಿಲ್ಲ. ಇತ್ತು ಎನ್ನುವುದಕ್ಕೆ ದಾಖಲೆ ಉಂಟಾ?"

"ನಾನೇ ಉಂಟಲ್ಲ," ಎಂದರು ಆರ್ಥರ್. "ನನ್ನ ಅಜ್ಜ ಹಾಕಿಸಿದ ಬೇಲಿ. ಅರವತ್ತೊಂಬತ್ತರಲ್ಲಿ ತಂಗಿಯ ಮದುವೆಗೆ ಚಪ್ಪರ ಹಾಕ್ಲಿಕ್ಕೆ ಅಂತ ಕಿತ್ತದ್ದು. ಆಮೇಲೆ ಆ ರೀಪೆಲ್ಲ ಅಡುಗೆಯವರು ಒಲೆಗೆ ಹಾಕಿದ್ರು."

"ನೀವು ದಾಖಲೆ ಅಲ್ಲ. ಅರ್ಜಿದಾರರ ಗಂಡ."

ಆಗ ಎದ್ದು ನಿಂತವರು ಎದುರು ಮನೆಯ ಮಹಾಬಲ ಶೆಟ್ಟರು. ಅವರ ಮನೆ ಓಣಿಯಿಂದ ಎಂಟು ಮೆಟ್ಟಿಲು ಕೆಳಗೆ, ತಗ್ಗಿನಲ್ಲಿ. ಅಲ್ಲೇ ಅವರ ಮೀನೂಟದ ಹೋಟೆಲು. ಮಧ್ಯಾಹ್ನ ಅಂಜಲ್ ಫ್ರೈ ತಿನ್ನಲು ಬರುವವರ ಸ್ಕೂಟರುಗಳಿಗೆ ತಗ್ಗಿನಲ್ಲಿ ಜಾಗವಿಲ್ಲ. ಅವು ನಿಲ್ಲುತ್ತಿದ್ದದ್ದು ತಾವ್ರೊ ಅವರ ಅಂಗಳದ ಅಂಚಿನಲ್ಲಿ. ಇದಕ್ಕೆ ಪ್ರತಿಯಾಗಿ ಶೆಟ್ಟರು ಪ್ರತಿ ಭಾನುವಾರ ಒಂದು ಡಬ್ಬಿ ಕಾಣೆ ಮೀನಿನ ಗಸಿ ಕಳಿಸುತ್ತಿದ್ದರು. ಒಳ್ಳೆಯ ಮನುಷ್ಯ. ಸ್ಕೂಟರಿನ ವಿಷಯವೊಂದು ಬಿಟ್ಟು.

"ನಾನು ಹುಟ್ಟಿದ್ದೇ ಎದುರು ಮನೆಯಲ್ಲಿ ಸರ್," ಎಂದರು ಶೆಟ್ಟರು, ಕೈಮುಗಿದು. "ಎಪ್ಪತ್ತೊಂದು ವರ್ಷ. ಬೇಲಿ ಗೀಲಿ ಎಂತದೂ ಇರ್ಲಿಲ್ಲ. ನಮ್ಮ ಓಣಿ ಅಂದ್ರೆ ಒಂದೇ ಮನೆ ಇದ್ದ ಹಾಗೆ. ನಮ್ಮ ನಡುವೆ ಯಾಕೆ ಬೇಲಿ?"

"ನಿನ್ನ ಚಡ್ಡಿ ಹರಿದದ್ದು ಮತ್ತೆ ಎಲ್ಲಿ ಮಾರಾಯ?" ಎಂದರು ಆರ್ಥರ್. "ನಮ್ಮ ಮರದ ಬಿಂಬುಳಿಕಾಯಿ ಕದಿಯಲಿಕ್ಕೆ ಬಂದು, ಬೇಲಿಗೆ ಸಿಕ್ಕಿಕೊಂಡು, ಬಾವಲಿಯ ಹಾಗೆ ನೇತಾಡ್ತಾ ಇದ್ದೆಯಲ್ಲ!"

"ಅದು ಬೇರೆ ಮನೆ."

"ಯಾರ ಮನೆ?"

ಶೆಟ್ಟರು ಯೋಚಿಸಿದರು. "ಅಷ್ಟು ನೆನಪಿಲ್ಲ ಪೊರ್ಬುಗಳೇ," ಎಂದರು, ಕ್ರೈಸ್ತ ನೆರೆಯವರನ್ನು ಕರೆಯುವ ಊರಿನ ಮರ್ಯಾದೆ ಬಿಡದೆ.

"ಚಡ್ಡಿಯ ವಿಷಯ ಕಡತಕ್ಕೆ ಬರುವುದು ಬೇಡ," ಎಂದು ಅಧ್ಯಕ್ಷರು ಬೆರಳಚ್ಚಿನವನಿಗೆ ಸೂಚಿಸಿದರು. ಅವನು ಅದನ್ನು ಆಗಲೇ ಹೊಡೆದಿದ್ದ.

ಹೊರಗೆ ಬಂದಾಗ ಸಮಿತಿಯ ವಾಸ್ತುಶಿಲ್ಪಿ ಸುಪ್ರೀತಾ ಮೆಲ್ಲಗೆ ವಿನಿಫ್ರೆಡ್ ಅವರ ಪಕ್ಕಕ್ಕೆ ಬಂದಳು. "ಆಂಟಿ, ಒಂದು ಫೋಟೋ ಇದ್ರೆ ಸಾಕು. ಬೇಲಿಯ ಒಂದು ತುಂಡು ಕಂಡ್ರೂ ಸಾಕು. ಮುಂದಿನದ್ದು ನನಗೆ ಬಿಡಿ."

ಫೋಟೋ! ಆರ್ಥರ್ ನಗುತ್ತಲೇ ಮನೆಗೆ ಬಂದರು. ತಾವ್ರೊ ಕುಟುಂಬದಲ್ಲಿ ಯಾರೊಬ್ಬರೂ ಫೋಟೋ ಇಲ್ಲದೆ ಮದುವೆಯಾದದ್ದಿಲ್ಲ, ಫೋಟೋ ಇಲ್ಲದೆ ಮಣ್ಣು ಸೇರಿದ್ದೂ ಇಲ್ಲ. ಶವಪೆಟ್ಟಿಗೆ ಮನೆಯಿಂದ ಹೊರಡುವ ಮೊದಲು ಅಂಗಳದಲ್ಲಿಟ್ಟು, ಸುತ್ತಲೂ ಮಕ್ಕಳು ಮೊಮ್ಮಕ್ಕಳು ಪಾದ್ರಿಗಳು ಸಾಲಾಗಿ ನಿಂತು ತೆಗೆಸಿದ ಚಿತ್ರಗಳೇ ಹನ್ನೊಂದು. ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ರೋಸಿನವು, ಮದುವೆಯವು, ಪ್ರಥಮ ಪರಮಪ್ರಸಾದದವು ಬೇರೆ. ಇಡೀ ಸಂಜೆ ಗಂಡಹೆಂಡತಿ ಊಟದ ಮೇಜಿನ ಮೇಲೆ ಅವನ್ನೆಲ್ಲ ಹರಡಿ ನೋಡಿದರು.

ಎಲ್ಲದರಲ್ಲೂ ಮನೆ ಇತ್ತು. ಜಗುಲಿಯ ಕಂಬಗಳಿದ್ದವು. ಎಲ್ಲರೂ ಓಣಿಯ ಕಡೆಗೆ ಮುಖಮಾಡಿ ನಿಂತಿದ್ದರು. ಯಾಕೆಂದರೆ ಫೋಟೋಗ್ರಾಫರನು ಪ್ರತಿ ಸಲವೂ ಗೇಟಿನ ತೆರವಿನಲ್ಲಿ, ಬೇಲಿಗೆ ಬೆನ್ನು ಕೊಟ್ಟು ನಿಂತಿದ್ದ. ನಲವತ್ತು ವರ್ಷ ಆ ಬೇಲಿ ಅಲ್ಲಿತ್ತು. ನಲವತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಫೋಟೋಗ್ರಾಫರನಿಗೂ ಹಿಂದೆ ತಿರುಗಿ ನೋಡಬೇಕೆಂದು ಅನಿಸಿರಲಿಲ್ಲ.

"ಬೇಲಿ ಸತ್ತಿದ್ರೆ ತೆಗೆಸ್ತಿದ್ರು," ಎಂದರು ವಿನಿಫ್ರೆಡ್.

ಉಳಿದದ್ದು ಶಕ್ತಿನಗರದ ಇಸಿದೋರ್. ಆರ್ಥರರ ದೊಡ್ಡಪ್ಪನ ಮಗ, ಎಂಬತ್ತು ವರ್ಷ. ಅವರ ಬಳಿಯೂ ಒಂದು ಆಲ್ಬಮ್ ಇತ್ತು. ಆದರೆ ಆ ಮನೆಗೆ ಹೋಗುವುದೆಂದರೆ ಜಮಖಾನದ ಮಾತು ಕೇಳಲು ಹೋಗುವುದು ಎಂದರ್ಥ.

ಜಮಖಾನದ ಕತೆ ಹೀಗೆ. ಅಜ್ಜ ಬೊನಿಫಾಸ್ ತೀರಿಕೊಂಡಾಗ ಇಸಿದೋರರ ತಂದೆತಾಯಿ ಬೊಂಬಾಯಿಯಲ್ಲಿದ್ದರು. ಅವರು ಬಂದು ತಲುಪುವಾಗ ಮಣ್ಣು ಮುಗಿದು ಮೂರು ದಿನವಾಗಿತ್ತು. ನೋಡಲು ಸಿಕ್ಕಿದ್ದು ಫೋಟೋ ಮಾತ್ರ. ಅದರಲ್ಲಿ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕಪ್ಪು ಬಿಳಿ ಪಟ್ಟೆಯ ಒಂದು ಜಮಖಾನ ಹಾಸಿತ್ತು. ಮಾವ ತನಗೇ ಕೊಡುವುದಾಗಿ ಹೇಳಿದ್ದ ಜಮಖಾನ ಅದು ಎಂದು ಇಸಿದೋರರ ತಾಯಿ ಗುರುತಿಸಿದರು. ಅಂಥ ಜಮಖಾನವೇ ಮನೆಯಲ್ಲಿಲ್ಲ ಎಂದು ಆರ್ಥರರ ತಾಯಿ ಹೇಳಿದರು. "ಹಾಗಾದ್ರೆ ಫೋಟೋದಲ್ಲಿ ಇರುವುದು ಎಂತ?" ಎಂದು ಇಸಿದೋರರ ತಾಯಿ ಬಿಡದೆ ಕೇಳಿದರು. ಮೇಲಾಗಿ ಆರ್ಥರರ ತಾಯಿ ತಮ್ಮ ಪ್ರತಿಯನ್ನು ಚೌಕಟ್ಟಿಗೆ ಕೂಡಿಸಲೆಂದು ಕೆಳಗಿನ ಮೂರು ಬೆರಳಷ್ಟು ಕತ್ತರಿಸಿದ್ದರು. ಸಾಕ್ಷ್ಯನಾಶ! ಅಂದಿನಿಂದ ಎರಡು ಮನೆಯವರೂ ಮದುವೆಗೆ ಬರುತ್ತಾರೆ, ಊಟಕ್ಕೆ ನಿಲ್ಲುವುದಿಲ್ಲ.

"ಮೊದಲು ಜಮಖಾನ, ಆಮೇಲೆ ಆಲ್ಬಮ್," ಎಂದರು ಇಸಿದೋರ್, ಬಾಗಿಲಲ್ಲೇ.

"ಇಸಿದೋರ್ ಭಾವಾ, ಅರವತ್ತನಾಲ್ಕು ವರ್ಷ ಆಯ್ತು. ಇದ್ದಿದ್ರೂ ಇಷ್ಟೊತ್ತಿಗೆ ಗೆದ್ದಲು ತಿಂದಿರ್ತಿತ್ತು," ಎಂದರು ವಿನಿಫ್ರೆಡ್.

"ಹಾಗಾದ್ರೆ ಇತ್ತು ಅಂತ ಒಪ್ಪಿದೆ!"

ಆದರೂ ತಮ್ಮ ವಾದವನ್ನು ಸ್ಥಾಪಿಸುವ ಅವಕಾಶ ಬಿಡಲಾಗದೆ ಇಸಿದೋರ್ ಆ ಫೋಟೋ ತಂದು ಮೇಜಿನ ಮೇಲಿಟ್ಟರು. ಬೊನಿಫಾಸರ ಪೆಟ್ಟಿಗೆ, ಐವತ್ತು ಜನ, ಮತ್ತು ಚೌಕಟ್ಟಿಗೆ ಬಲಿಯಾಗದ ಕೆಳಭಾಗದಲ್ಲಿ ಸ್ಪಷ್ಟವಾಗಿ ಆ ಪಟ್ಟೆ. "ನೋಡು ವಿನ್ನಿ. ನಿನ್ನ ಅತ್ತೆ ಕತ್ತರಿಸಿದ್ದು ಇದನ್ನು." ವಿನಿಫ್ರೆಡ್ ಮರ್ಯಾದೆಗೆಂದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡರು. ಬೇಲಿ ಅದರಲ್ಲೂ ಇರಲಿಲ್ಲ.

ಮರುದಿನ ಹತ್ತು ಗಂಟೆಗೆ, ಮಕ್ಕಳಿಗೆ ಗಂಜಿ ತಿನ್ನಿಸುವ ಹೊತ್ತಿನಲ್ಲಿ, ಈ ಜಮಖಾನದ ಕತೆಯನ್ನು ಅವರು ಪಾತುಮ್ಮನಿಗೆ ಹೇಳಿ ನಕ್ಕರು. ಪಾತುಮ್ಮ ಮೂವತ್ತು ವರ್ಷ ಬಂದರಿನಲ್ಲಿ ಒಣಮೀನು ಮಾಡಿ ಮಾರಿದವಳು. ಮೊಣಕಾಲು ಹಿಡಿದ ಮೇಲೆ ಶಾಲೆಯಲ್ಲಿ ಆಯಾ. ಒಂದು ಕೈಯಲ್ಲಿ ಗಂಜಿಯ ಚಮಚ ಹಿಡಿದು, ಇನ್ನೊಂದರಿಂದ ಮೊಬೈಲಿನ ಚಿತ್ರವನ್ನು ಹಿಗ್ಗಿಸಿ ನೋಡಿದಳು.

"ಟೀಚರೇ, ನಿಮ್ಮ ಜಮಖಾನ ಬೂಟಿನ ಮೇಲೆ ಹತ್ತಿದೆಯಲ್ಲ."

"ಎಂತ?"

"ಇಲ್ಲಿ, ಈ ಕೊನೆಯಲ್ಲಿ ಕುರ್ಚಿಯಲ್ಲಿ ಕೂತ ಪಾದ್ರಿ. ಅವರ ಬಿಳಿ ಅಂಗಿಯ ಅಂಚಿನ ಮೇಲೂ ಅದೇ ಪಟ್ಟೆ ಉಂಟು. ಜಮಖಾನವನ್ನು ಯಾರಾದ್ರೂ ಉಟ್ಕೊಳ್ತಾರಾ?"

ವಿನಿಫ್ರೆಡ್ ಕನ್ನಡಕ ಹಾಕಿಕೊಂಡರು.

"ಇದು ನೆರಳು," ಎಂದಳು ಪಾತುಮ್ಮ, ಮಗುವಿನ ಬಾಯಿ ಒರೆಸುತ್ತ. "ಮೀನು ಒಣಗಿಸುವ ತಟ್ಟಿ ನಿಲ್ಲಿಸಿದ್ರೆ ಸಂಜೆ ಹೀಗೇ ಬೀಳ್ತದೆ, ಉದ್ದಕ್ಕೆ. ಅದನ್ನು ನೋಡಿಯೇ ನಾವು ಮೀನು ತೆಗೆಯುವುದು. ನಿಮ್ಮ ಬೇಲಿ ಇಲ್ಲೇ ಬಿದ್ಕೊಂಡಿದೆ ಟೀಚರೇ. ಎಲ್ಲ ಕಡೆ ಹುಡುಕಿದ್ರಿ."

ವಿನಿಫ್ರೆಡ್ ತಾವ್ರೊ ಹದಿನೆಂಟು ಮಕ್ಕಳ ಎದುರಿಗೆ ಪಾತುಮ್ಮನ ಎರಡೂ ಕೆನ್ನೆಗಳಿಗೆ ಮುತ್ತು ಕೊಟ್ಟರು. ತಮಗೂ ಬೇಕೆಂದು ಮಕ್ಕಳು ಸಾಲು ನಿಂತವು.

ಸುಪ್ರೀತಾ ಅರ್ಧ ಗಂಟೆಯೊಳಗೆ ಬಂದಳು. ಚಿತ್ರ ನೋಡಿದಳು, ಅಂಗಳ ನೋಡಿದಳು, ಮತ್ತೆ ಚಿತ್ರ ನೋಡಿದಳು. ಗೇಟಿನ ಜಾಗದಿಂದ ಮೆಟ್ಟಿಲಿನ ತನಕ ಹಾಸಿದ ಕಲ್ಲುಗಳು ಅಂದಿನವೇ. ಮೂಲೆ ಮುರಿದ ನಾಲ್ಕನೆಯ ಕಲ್ಲು ಚಿತ್ರದಲ್ಲೂ ಮುರಿದೇ ಇತ್ತು. ಗೇಟಿನ ಅಕ್ಕಪಕ್ಕದ ರೀಪುಗಳ ನೆರಳಿನ ತುದಿಗಳು ಸರಿಯಾಗಿ ಆ ಕಲ್ಲಿನ ಅಂಚಿಗೆ ಬಂದು ನಿಂತಿದ್ದವು. ಆರ್ಥರ್ ಒಳಗಿನಿಂದ ಅಜ್ಜನ ಸಾವಿನ ಕಾರ್ಡು ತಂದರು. ಕಪ್ಪು ಅಂಚಿನ ಕಾರ್ಡಿನಲ್ಲಿ ಅಚ್ಚಾಗಿತ್ತು: ಫೆಬ್ರವರಿ ೧೦, ೧೯೬೨, ಸಂಜೆ ಐದಕ್ಕೆ ಮನೆಯಿಂದ.

"ಫೋಟೋ ಯಾವಾಗ ತೆಗೀತಾರೆ?"

"ಪೆಟ್ಟಿಗೆ ಎತ್ತುವ ಮೊದಲು. ಐದಕ್ಕೆ ಒಂದೆರಡು ನಿಮಿಷ ಇರುವಾಗ. ನಮ್ಮಲ್ಲಿ ಮದುವೆ ತಡವಾದೀತು, ಮಣ್ಣು ತಡ ಆಗುವುದಿಲ್ಲ."

ಸುಪ್ರೀತಾ ಬೆರಳು ಮಡಚಿ ಎಣಿಸಿದಳು. "ಇನ್ನು ಹನ್ನೆರಡು ದಿನಕ್ಕೆ ಫೆಬ್ರವರಿ ಹತ್ತು. ಅದೇ ದಿನ, ಅದೇ ಹೊತ್ತು. ಸೂರ್ಯ ಅದೇ ಜಾಗದಲ್ಲಿ ಇರ್ತಾನೆ. ಎಷ್ಟು ಎತ್ತರದ ಕೋಲು ನಿಲ್ಲಿಸಿದ್ರೆ ನೆರಳು ಆ ಕಲ್ಲಿಗೆ ಮುಟ್ತದೋ ಅದೇ ಬೇಲಿಯ ಎತ್ತರ. ಸಮಿತಿಯನ್ನು ಇಲ್ಲಿಗೇ ಕರೀತೇನೆ."

ಹತ್ತನೆಯ ತಾರೀಕು ನಾಲ್ಕೂವರೆಗೆ ಜೋಡುಬಾವಿ ಓಣಿಯಲ್ಲಿ ಹಬ್ಬದ ದಿನ ಇರುವಷ್ಟು ಜನ. ಸಮಿತಿಯ ಐವರು ಕುರ್ಚಿಗಳಲ್ಲಿ. ಮಾರುಕಟ್ಟೆ ಮುಗಿಸಿ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು ಬುಟ್ಟಿಗಳನ್ನು ಕವುಚಿಹಾಕಿ ಅವುಗಳ ಮೇಲೆ. ಮಹಾಬಲ ಶೆಟ್ಟರು ಆಕ್ಷೇಪಣೆಯ ಪ್ರತಿ ಹಿಡಿದು ಬಂದಿದ್ದರು. ಶಕ್ತಿನಗರದಿಂದ ಇಸಿದೋರ್ ರಿಕ್ಷಾದಲ್ಲಿ ಬಂದರು, ಜಮಖಾನವನ್ನು ನೆರಳೆಂದು ಸಾಧಿಸುವ ಹುನ್ನಾರವನ್ನು ಖುದ್ದಾಗಿ ಖಂಡಿಸಲು. ಆರ್ಥರ್ ಹಳೆಯ ಬೇಲಿಯ ಗೆರೆಯಲ್ಲಿ ಎಂಟು ಗಿಡ್ಡ ಗೂಟಗಳನ್ನು ಹುಗಿದು, ಅವುಗಳಿಗೆ ಒರಗಿಸಿದ ಎಂಟು ರೀಪುಗಳನ್ನು ಒಟ್ಟಿಗೆ ಏರಿಸಿ ಇಳಿಸಲು ಬರುವ ಹಾಗೆ ಒಂದೇ ಹಗ್ಗಕ್ಕೆ ಕಟ್ಟಿದ್ದರು.

ನಾಲ್ಕು ಮುಕ್ಕಾಲಿಗೆ ಬಿಸಿಲು ಹೋಯಿತು.

ಮೋಡವಲ್ಲ, ಆಕಾಶ ತೊಳೆದಿಟ್ಟ ಹಾಗಿತ್ತು. ಅಂಗಳದ ಮೇಲೆ ಅಗಲವಾದ, ಚೌಕಾಕಾರದ ನೆರಳೊಂದು ಬಂದು ಕುಳಿತು, ಎಂಟೂ ರೀಪುಗಳ ನೆರಳನ್ನು ನುಂಗಿತು. ಇವತ್ತು ತಪ್ಪಿದರೆ ಮುಂದಿನ ಸಭೆ ಏಪ್ರಿಲಿನಲ್ಲಿ. ಅಷ್ಟರಲ್ಲಿ ಜಗುಲಿ ಖಾಲಿಯಾಗಿರುತ್ತದೆ.

ಎಲ್ಲರೂ ಪಡುವಣಕ್ಕೆ ತಿರುಗಿದರು. ಶೆಟ್ಟರ ಹೋಟೆಲಿನ ತಾರಸಿಯ ಮೇಲೆ, ಕಬ್ಬಿಣದ ಕಂಬಗಳ ಮೇಲೆ, ಮೊನ್ನೆಯಷ್ಟೇ ಎದ್ದ ಕಡುನೀಲಿ ಶೀಟಿನ ಎತ್ತರದ ಮಾಡು.

"ಅದೆಂತ ಶೆಟ್ರೇ?" ಎಂದರು ಅಧ್ಯಕ್ಷರು.

"ಅದಾ? ಅದು… ಹಪ್ಪಳ ಒಣಗಿಸ್ಲಿಕ್ಕೆ ಸರ್."

"ಹಪ್ಪಳ ಒಣಗಿಸಲು ಮಾಡು ಯಾಕೆ? ಬಿಸಿಲು ಬೇಡವೇ?"

ಬುಟ್ಟಿಗಳ ಮೇಲಿದ್ದವರಿಂದ ನಗು ಬಂತು. ಸುಪ್ರೀತಾ ಕಡತ ಬಿಡಿಸಿದಳು. "ಈ ಮಾಡಿಗೆ ಸಮಿತಿಯ ಅನುಮತಿ ನನಗೆ ಕಾಣ್ತಾ ಇಲ್ಲ."

"ತಾತ್ಕಾಲಿಕ ಮೇಡಂ. ಬರೇ ತಾತ್ಕಾಲಿಕ."

"ಒಳ್ಳೇದಾಯ್ತು. ತಾತ್ಕಾಲಿಕ ಅಂದ್ರೆ ಈಗಲೇ ತೆಗೀಬಹುದಲ್ಲ?"

ಶೆಟ್ಟರು ಸಮಿತಿಯನ್ನು ನೋಡಿದರು, ಮಾಡನ್ನು ನೋಡಿದರು. ಒಂದು ಕಡೆ ಹತ್ತು ಸ್ಕೂಟರು, ಇನ್ನೊಂದು ಕಡೆ ಆ ಮಾಡಿನಡಿ ಹೊಸದಾಗಿ ಮೇಜು ಹಾಕಿಸಿದ, ತಾತ್ಕಾಲಿಕವಲ್ಲ ಎಂದಾದರೆ ಸಮಿತಿ ಒಡೆಸಬಹುದಾದ ಫ್ಯಾಮಿಲಿ ರೂಮ್. ವ್ಯಾಪಾರಿಯಾದ್ದರಿಂದ ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. "ಓ ತುಷಾರಾ!" ಎಂದು ಗಲ್ಲಾದಲ್ಲಿದ್ದ ಮಗನಿಗೆ ಕೂಗಿದರು. "ಮೇಲೆ ಹತ್ತಿ ಶೀಟು ಜಾರಿಸಾ! ಬೇಗ! ಅಡುಗೆಯವರನ್ನೂ ಕರಿ!"

ನಾಲ್ಕು ಐವತ್ತಕ್ಕೆ ಮೊದಲ ಶೀಟು ಜಾರಿತು. ಐವತ್ತಮೂರಕ್ಕೆ ಮೂರನೆಯದು. ಏಪ್ರನ್ ಕಟ್ಟಿದ ಇಬ್ಬರು ಅಡುಗೆಯವರು ಐದನೆಯದನ್ನು ಎತ್ತಿದ್ದೇ ತಡ, ಅರಬ್ಬೀ ಸಮುದ್ರದ ಮೇಲಿನ ಇಡೀ ಬಿಸಿಲು ತಾವ್ರೊ ಅವರ ಅಂಗಳಕ್ಕೆ ನುಗ್ಗಿ ಬಂತು. ಪಾತುಮ್ಮ ಚಪ್ಪಾಳೆ ತಟ್ಟಿದಳು. ಮಕ್ಕಳು ಏನೆಂದು ತಿಳಿಯದೆಯೇ ತಟ್ಟಿದವು.

"ಹಗ್ಗ ಎಳೀರಿ ಅಂಕಲ್," ಎಂದಳು ಸುಪ್ರೀತಾ, ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಲ್ಲಿನ ಮೇಲೆ. "ಮೇಲೆ… ಇನ್ನೂ… ಇನ್ನೊಂದು ಸ್ವಲ್ಪ… ಸಾಕು!"

ಎಂಟು ನೆರಳುಗಳು ಉದ್ದಕ್ಕೆ ಚಾಚಿ, ನಾಲ್ಕನೆಯ ಹಾಸುಕಲ್ಲಿನ ಅಂಚಿಗೆ ಮೂತಿ ಮುಟ್ಟಿಸಿ ನಿಂತವು. ನೆಲದ ಮೇಲೆ, ಅರವತ್ತನಾಲ್ಕು ವರ್ಷಗಳ ಮೇಲೆ, ಕಪ್ಪು ಬಿಳಿ ಪಟ್ಟೆಯ ಜಮಖಾನ ಹಾಸಿತ್ತು.

ಇಸಿದೋರ್ ಮುಂದೆ ಬಂದು, ಕಷ್ಟಪಟ್ಟು ಬಗ್ಗಿ, ಅದನ್ನು ಕೈಯಿಂದ ಮುಟ್ಟಿದರು. ಪಟ್ಟೆ ಅವರ ಕೈಯ ಮೇಲೆ ಹತ್ತಿತು.

"ಅಮ್ಮ ಸಾಯುವ ತನಕ ಕೇಳ್ತಾ ಇದ್ಲು," ಎಂದರು.

"ನನ್ನ ಅಮ್ಮ ಸಾಯುವ ತನಕ ಇಲ್ಲ ಅಂತಿದ್ಲು," ಎಂದರು ಆರ್ಥರ್, ಅಣ್ಣನ ತೋಳು ಹಿಡಿದು ಎಬ್ಬಿಸುತ್ತ. "ಊಟಕ್ಕೆ ನಿಲ್ತೀಯಲ್ಲ?"

"ಎಂತ ಉಂಟು?"

"ದುಕ್ರಾ ಮಾಸ್. ಒಳ್ಳೆ ಹಂದಿ ಸಿಕ್ಕಿದೆ."

"ಹಾಗಾದ್ರೆ ನಿಲ್ತೇನೆ."

ಸುಪ್ರೀತಾ ಟೇಪು ಹಿಡಿದು ಓದಿದಳು. "ಮೂರು ಅಡಿ ಒಂಬತ್ತು ಇಂಚು." ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಅಲ್ಲೇ ಆದೇಶ ಹೇಳಿ ಬರೆಸಿದರು. ಪೂರ್ವದಲ್ಲಿ ಬೇಲಿ ಇದ್ದುದು ಅದರ ನೆರಳಿನಿಂದ ಸಾಬೀತಾಗಿರುವುದರಿಂದ, ಮರದ ರೀಪಿನಲ್ಲಿ, ಮೇಲ್ಕಂಡ ಎತ್ತರದಲ್ಲಿ, ಅದೇ ಅಂತರದಲ್ಲಿ ಅನುಮತಿಸಲಾಗಿದೆ. ಆಮೇಲೆ ಶೆಟ್ಟರ ಕಡೆ ತಿರುಗಿದರು. "ನಿಮ್ಮ ಆಕ್ಷೇಪ?"

"ಆಕ್ಷೇಪ ಅಲ್ಲ ಸರ್ ಅದು, ನೆನಪಿನ ತೊಂದರೆ." ಶೆಟ್ಟರು ಕೈಯಲ್ಲಿದ್ದ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟರು. "ಈಗ ಬಂತು. ಖಾಕಿ ಚಡ್ಡಿ. ತಿರುಗಿ ಮನೆಗೆ ಹೋದ ಮೇಲೆ ಅಪ್ಪನ ಪೆಟ್ಟು ಬೇರೆ."

ಸ್ಕೂಟರುಗಳಿಗೆ ಅವರು ಕೆಳಗಿನ ಗೋದಾಮಿನ ಅಂಗಳವನ್ನು ಗೊತ್ತುಮಾಡಿಕೊಂಡರು. ಅಲ್ಲಿ ಜಾಗ ಮೊದಲಿನಿಂದಲೂ ಇತ್ತು. ಕೇಳಲು ಹೋಗಿರಲಿಲ್ಲ, ಅಷ್ಟೆ.

ಮಾರ್ಚ್ ಹದಿನಾಲ್ಕಕ್ಕೆ ಬೇಲಿ ಮುಗಿಯಿತು. ಹಲಸಿನ ರೀಪು, ಚೂಪು ತುದಿ, ಗೇಟಿಗೆ ಹಿತ್ತಾಳೆಯ ಕೊಂಡಿ. ಅಧಿಕಾರಿಣಿ ಬಂದು, ಎಲ್ಲ ಸಂದುಗಳಲ್ಲೂ ಕೈ ತೂರಿಸಲು ನೋಡಿ, ಎಲ್ಲಿಯೂ ಹೋಗದೆ, ಸಂತೋಷದಿಂದ ಸಹಿ ಹಾಕಿದರು.

ಸೋಮವಾರ ಎಂಟೂವರೆಗೆ ಕೊನೆಯ ಮಗು ಒಳಗೆ ಬಂದ ಮೇಲೆ ಪಾತುಮ್ಮ ಕೊಂಡಿ ಹಾಕಿದಳು. ಹದಿನೆಂಟು ಮಕ್ಕಳೂ ಎಂದಿನಂತೆ ಅಂಗಳ ದಾಟಿ ಓಡಿದವು. ಗೇಟಿಗೆ ಬಂದು ನಿಂತವು. ದೂಡಿದವು. ಕಾಲಲ್ಲಿ ಒದ್ದವು. ಹುಟ್ಟಿನಿಂದ ಬಂದ ಹಕ್ಕೊಂದು ತಪ್ಪಿಹೋಗಿದೆಯೆಂದು ಮೆಲ್ಲಗೆ ಅರ್ಥವಾಗಿ, ರೀಪುಗಳನ್ನು ಎರಡೂ ಕೈಯಲ್ಲಿ ಹಿಡಿದು, ಒಂದೇ ಸ್ವರದಲ್ಲಿ ಅಳತೊಡಗಿದವು. ಆಚೆ ಬದಿಯಲ್ಲಿ ಮಂಜುಗಡ್ಡೆಯ ಟೆಂಪೊ ಒಂದು ಕ್ಷಣ ನಿಧಾನಿಸಿ, ಇಳಿದು ಹೋಯಿತು.

ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಗಾಬರಿಯಿಂದ ನಿಂತಳು. "ಎಂತ ಆಯ್ತು ಟೀಚರೇ? ಯಾಕೆ ಎಲ್ಲ ಮಕ್ಕಳೂ ಅಳ್ತಾ ಉಂಟು?"

"ಎಂತದೂ ಆಗ್ಲಿಲ್ಲ ಮಾರಾಯ್ತಿ," ಎಂದರು ವಿನಿಫ್ರೆಡ್ ತಾವ್ರೊ. "ಅವರಿಗೆ ಹೊರಗೆ ಹೋಗ್ಲಿಕ್ಕೆ ಆಗ್ತಾ ಇಲ್ಲ."

ಮತ್ತೆ ಜಗುಲಿಗೆ ಹೋಗಿ, ಆರು ವರ್ಷಗಳಲ್ಲಿ ಮೊದಲ ಸಲ, ಬೆಳಗ್ಗಿನ ಚಹಾವನ್ನು ಬಿಸಿಯಿರುವಾಗಲೇ, ಕುಳಿತು ಕುಡಿದರು.